ಕಾನೂನಿನ ಕಟ್ಟೆ: ಗುಟ್ಟಿನ ಮಾತಿಗೆ ಸಾಕ್ಷಿ ಯಾರು?

ಕಳೆದ ಸಂಚಿಕೆಯಲ್ಲಿ ನಾವು ಉಯಿಲಿನ ವಿಷಯವಾಗಿ ಬರೆದಿದ್ದೆವು. ಮನೆಮಠದ ಹಂಚಿಕೆಯನ್ನು ಬಿಟ್ಟು ಈ ಸಲ ಒಮ್ಮೆಲೇ ಕೊಲೆಯ ಖಟ್ಲೆಗೆ ಕೈಹಾಕಿದ್ದನ್ನು ಕಂಡು ವಾಚಕರು ಬೆಚ್ಚಬೇಕಾದ್ದಿಲ್ಲ. ವೃತ್ತಪತ್ರಿಕೆಯನ್ನು ಬಿಡಿಸಿದರೆ "ಕೊಲೆಗೆ ಒಳಸಂಚು, ಐವರ ಬಂಧನ" ಎಂಬಂಥ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅಂಥದೊಂದನ್ನು ಓದಿದ ಸದಸ್ಯೆಯೊಬ್ಬರು ನಮಗೆ ಬರೆದು ಕೇಳಿದ್ದಾರೆ: "ಇರಿದವನು ಒಬ್ಬ. ಉಳಿದ ನಾಲ್ವರು ಆ ಹೊತ್ತಿಗೆ ಆ ಊರಿನಲ್ಲೇ ಇರಲಿಲ್ಲವಂತೆ. ಅವರು ಮಾತಾಡಿಕೊಂಡದ್ದನ್ನು ಕೇಳಿದವರೂ ಇಲ್ಲ. ಹಾಗಿದ್ದ ಮೇಲೆ ಅವರೂ ಕೊಲೆಗಾರರೇ ಎಂದು ಕೋರ್ಟಿಗೆ ತಿಳಿಯುವುದಾದರೂ ಹೇಗೆ?"

ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ದೊಡ್ಡ ದೊಡ್ಡ ನ್ಯಾಯಮೂರ್ತಿಗಳೂ ಈ ಪ್ರಶ್ನೆಯ ಮುಂದೆ ತಡೆದು ನಿಂತಿದ್ದಾರೆ. ಇದರ ಒಂದು ಬದಿಗೆ, ತೆರೆಯ ಹಿಂದೆ ನಿಂತು ಇನ್ನೊಬ್ಬನ ಕೈಯಲ್ಲಿ ಕೊಲೆ ಮಾಡಿಸುವ ಧೂರ್ತನಿದ್ದಾನೆ. ಇನ್ನೊಂದು ಬದಿಗೆ, ಏನೂ ಅರಿಯದೆ ಅಂಥವನ ಜೊತೆ ಚಹ ಕುಡಿದ ಅಮಾಯಕನಿದ್ದಾನೆ. ಮೊದಲನೆಯವನು ನುಣುಚಿಕೊಳ್ಳಬಾರದು, ಎರಡನೆಯವನು ಗಲ್ಲಿಗೇರಬಾರದು. ಇವೆರಡನ್ನೂ ಒಟ್ಟಿಗೆ ಸಾಧಿಸುವುದೇ ಕಷ್ಟ.

ಒಳಸಂಚು ಎಂದರೇನು ಎಂಬುದನ್ನು ಮೊದಲು ನೋಡೋಣ. ನಮಗೆಲ್ಲ ಗೊತ್ತಿರುವ ಅರಗಿನ ಮನೆಯ ಕಥೆಯನ್ನೇ ತೆಗೆದುಕೊಳ್ಳಿ. ದುರ್ಯೋಧನ, ಶಕುನಿ, ಕರ್ಣ, ದುಶ್ಶಾಸನರು ಕೂಡಿ ಆಲೋಚಿಸಿದರು. ಪುರೋಚನನು ವಾರಣಾವತಕ್ಕೆ ಹೋಗಿ ಮನೆ ಕಟ್ಟಿದ. ಪಾಂಡವರು ಸುರಂಗದಿಂದ ಪಾರಾದರು. ಪಾಂಡವರು ಬದುಕಿದರಲ್ಲ, ಹಾಗಾದರೆ ಕೌರವರ ಮೇಲೆ ಅಪರಾಧವಿಲ್ಲವೆ? ಇಂದಿನ ಕಾನೂನು 'ಉಂಟು' ಎನ್ನುತ್ತದೆ. ಇಬ್ಬರು ಅಥವಾ ಹೆಚ್ಚು ಜನ ಸೇರಿ ಒಬ್ಬನನ್ನು ಕೊಲ್ಲೋಣವೆಂದು ಒಪ್ಪಿಕೊಂಡ ಗಳಿಗೆಗೇ ಅಪರಾಧ ಪೂರ್ಣವಾಯಿತು. ಅರಗು ತರುವುದಕ್ಕೂ ಬೆಂಕಿ ಹಚ್ಚುವುದಕ್ಕೂ ಕಾಯಬೇಕಾಗಿಲ್ಲ. ಆ ಒಪ್ಪಂದವೇ ಅಪರಾಧ.

ಕಾನೂನಿನ ಪುಸ್ತಕದಲ್ಲಿ ಈ ಮಾತು ಮೊದಲಿನಿಂದ ಇರಲಿಲ್ಲ. 1860ರ ಭಾರತೀಯ ದಂಡಸಂಹಿತೆಯಲ್ಲಿ ಸಂಚು ಎಂಬುದು ಅಪರಾಧಕ್ಕೆ ಕುಮ್ಮಕ್ಕು ಕೊಡುವ ಬಗೆಗಳಲ್ಲಿ ಒಂದಾಗಿ ಮಾತ್ರ ಇತ್ತು, ಅದಕ್ಕೂ ಒಪ್ಪಂದದ ಜೊತೆಗೆ ಏನಾದರೊಂದು ಕೃತ್ಯ ನಡೆದಿರಬೇಕಾಗಿತ್ತು. 1912ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ವೈಸರಾಯ್ ಹಾರ್ಡಿಂಜನ ಮೇಲೆ ಬಾಂಬು ಬಿತ್ತು. ಮರುವರ್ಷ, 1913ರಲ್ಲಿ, ಸಂಹಿತೆಗೆ 120ಎ ಮತ್ತು 120ಬಿ ಎಂಬ ಕಲಮುಗಳು ಸೇರಿದವು. ಆಳುವವರು ತಮ್ಮ ರಕ್ಷಣೆಗೆ ಹೆಣೆದ ಬಲೆಯನ್ನು ಸ್ವತಂತ್ರ ಭಾರತವೂ ಉಳಿಸಿಕೊಂಡಿತು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯಸಂಹಿತೆ ಬಂದಿದೆ. ಅದರ 61ನೆಯ ಕಲಮಿನಲ್ಲಿ ಅದೇ ಅಪರಾಧ ಕುಳಿತಿದೆ. ಸಂಚಿನ ಫಲವಾಗಿ ಕೊಲೆ ನಡೆದುಹೋಗಿದ್ದರೆ ಸಂಚುಗಾರನಿಗೂ ಕೊಲೆಗಾರನಿಗಿರುವ ಶಿಕ್ಷೆಯೇ. ಕೊಲೆ ನಡೆಯದಿದ್ದರೆ ಏಳು ವರ್ಷದವರೆಗೆ, ಯಾರಿಗಾದರೂ ಗಾಯವಾಗಿದ್ದರೆ ಹದಿನಾಲ್ಕು ವರ್ಷದವರೆಗೆ ಸೆರೆ.

ಒಬ್ಬನೇ ಕುಳಿತು ಸಂಚು ಮಾಡಲಾಗದು. ಕೈ ತಟ್ಟಲು ಎರಡು ಕೈ ಬೇಕಷ್ಟೆ. 1955ರಲ್ಲಿ ಮುಂಬಯಿಯಿಂದ ಹೋದ ಟೋಪನದಾಸನ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು: ಹೆಸರಿಸಿದ ಉಳಿದವರೆಲ್ಲರೂ ಬಿಡುಗಡೆಯಾದರೆ ಉಳಿದೊಬ್ಬನನ್ನು ಸಂಚಿಗಾಗಿ ಶಿಕ್ಷಿಸುವಂತಿಲ್ಲ. ಜೊತೆಗಾರ ಸತ್ತಿದ್ದರೆ ಅಥವಾ ಮಾಫಿ ಸಾಕ್ಷಿಯಾಗಿದ್ದರೆ ಮಾತು ಬೇರೆ. ಅಲ್ಲಿ ಎರಡನೆಯ ಕೈ ಇದ್ದದ್ದು ನಿಜವೇ.

ಇನ್ನು ಮುಖ್ಯ ಪ್ರಶ್ನೆ, ರುಜುವಾತಿನದು. ಸಂಚು ಮಾಡುವವರು ಸಭೆ ಕರೆದು ಠರಾವು ಬರೆದಿಡುವುದಿಲ್ಲ. ಆದಕಾರಣ ಕೋರ್ಟು ನೇರ ಸಾಕ್ಷಿಗಾಗಿ ಹಟ ಹಿಡಿಯುವುದಿಲ್ಲ. ನಡೆದದ್ದನ್ನು ನೋಡಿ ಆಡಿದ್ದನ್ನು ಊಹಿಸುತ್ತದೆ. ಇದಕ್ಕೆ ನಮ್ಮ ದೇಶದ ಅತ್ಯಂತ ದುಃಖದ ಖಟ್ಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

1948ರ ಜನವರಿ 30ರ ಸಂಜೆ ದಿಲ್ಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ನಾಥೂರಾಮ ಗೋಡ್ಸೆ ಗುಂಡಿಟ್ಟು ಕೊಂದ. ಅದನ್ನು ಪ್ರಾರ್ಥನೆಗೆ ನೆರೆದಿದ್ದ ಜನರೇ ಕಂಡಿದ್ದರು, ಅವನೂ ಅಲ್ಲಗಳೆಯಲಿಲ್ಲ. ಆದರೆ ಕೆಂಪು ಕೋಟೆಯಲ್ಲಿ ನ್ಯಾಯಾಧೀಶ ಆತ್ಮಾಚರಣರ ಮುಂದೆ ಅವನು ಹಿಡಿದ ವಾದ ಇದು: ಮಾಡಿದವನು ನಾನೊಬ್ಬನೇ, ಸಂಚು ಎಂಬುದೇ ಇರಲಿಲ್ಲ. ಆ ಮಾತು ನಿಂತಿದ್ದರೆ ಉಳಿದವರೆಲ್ಲರೂ ಮನೆಗೆ ಹೋಗುತ್ತಿದ್ದರು.

ಸರಕಾರದ ಪಕ್ಷ ಏನು ಮಾಡಿತು? ಸಣ್ಣಪುಟ್ಟ ಕಾಗದಗಳನ್ನು ಒಂದೊಂದಾಗಿ ತಂದು ಮೇಜಿನ ಮೇಲೆ ಇಟ್ಟಿತು. ಜನವರಿ 13 ಮತ್ತು 14ರಂದು ಗೋಡ್ಸೆ ತನ್ನ ಎರಡು ಜೀವವಿಮಾ ಪಾಲಿಸಿಗಳನ್ನು, ಒಂದನ್ನು ನಾರಾಯಣ ಆಪ್ಟೆಯ ಪತ್ನಿಯ ಹೆಸರಿಗೆ, ಇನ್ನೊಂದನ್ನು ತಮ್ಮ ಗೋಪಾಲನ ಪತ್ನಿಯ ಹೆಸರಿಗೆ ಮಾಡಿದ್ದ. 17ರಂದು ಅವನೂ ಆಪ್ಟೆಯೂ ಮುಂಬಯಿಯಿಂದ ದಿಲ್ಲಿಗೆ ವಿಮಾನದಲ್ಲಿ ಹೋದದ್ದು ಹುಸಿ ಹೆಸರುಗಳಲ್ಲಿ. ದಿಲ್ಲಿಯ ಮರೀನಾ ಹೋಟೆಲಿನ ರಿಜಿಸ್ಟರಿನಲ್ಲಿ ಇಬ್ಬರೂ 'ದೇಶಪಾಂಡೆ'ಗಳಾಗಿದ್ದರು. 20ರ ಸಂಜೆ ಬಿರ್ಲಾ ಭವನದಲ್ಲಿ ಸ್ಫೋಟವಾಯಿತು. ಮದನಲಾಲ ಪಹ್ವಾ ಸ್ಥಳದಲ್ಲೇ ಸಿಕ್ಕಿದ, ಉಳಿದವರು ಓಡಿಹೋದರು. ಹೋಟೆಲಿನಲ್ಲಿ ಒಗೆಯಲು ಕೊಟ್ಟು ಬಿಟ್ಟುಹೋದ ಬಟ್ಟೆಗಳ ಮೇಲೆ 'ಎನ್.ವಿ.ಜಿ.' ಎಂಬ ಗುರುತಿತ್ತು. 27ರಂದು ಅದೇ ಇಬ್ಬರು ಮತ್ತೆ ಹುಸಿ ಹೆಸರಿನಲ್ಲೇ ದಿಲ್ಲಿಯ ವಿಮಾನ ಹತ್ತಿದರು.

ಇವುಗಳಲ್ಲಿ ಯಾವುದಾದರೊಂದನ್ನು ಬಿಡಿಯಾಗಿ ನೋಡಿರಿ. ವಿಮೆಯನ್ನು ಮಿತ್ರನ ಮನೆಯವರಿಗೆ ಬರೆದುಕೊಡುವುದು ಅಪರಾಧವಲ್ಲ. ದಿಲ್ಲಿಗೆ ಹೋಗುವುದೂ ಅಪರಾಧವಲ್ಲ. ಆದರೆ ಸಾಯಲು ಸಿದ್ಧನಾದವನಂತೆ ಒಬ್ಬ ವಿಮೆ ಬರೆದುಕೊಡುತ್ತಾನೆ, ಅದೇ ವಾರ ಬೇರೆ ಬೇರೆ ದಾರಿಗಳಿಂದ ಇಷ್ಟು ಜನ ದಿಲ್ಲಿಯಲ್ಲಿ ಕೂಡುತ್ತಾರೆ, ಹೆಸರು ಮುಚ್ಚಿಡುತ್ತಾರೆ, ಸ್ಫೋಟವಾದ ಕೂಡಲೇ ಚದರುತ್ತಾರೆ. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದಾಗ 'ನಾನೊಬ್ಬನೇ' ಎಂಬ ಮಾತು ನಿಲ್ಲಲಿಲ್ಲ. ಹೋಟೆಲಿನ ಗುಮಾಸ್ತ, ವಿಮಾನದ ಟಿಕೆಟು, ಬಟ್ಟೆಯ ಮೇಲಿನ ಮೂರು ಅಕ್ಷರ: ಸಂಚಿನ ಕೋಣೆಯೊಳಗೆ ಇಲ್ಲದಿದ್ದರೂ ಇವೇ ಸಾಕ್ಷಿ ನುಡಿದವು.

ಅದೇ ಖಟ್ಲೆಯಲ್ಲಿ ಒಳಗಿನಿಂದಲೂ ಒಬ್ಬ ಸಾಕ್ಷಿ ಬಂದ. ಆಯುಧದ ವ್ಯಾಪಾರಿ ದಿಗಂಬರ ಬ್ಯಾಡ್ಗೆ ಮಾಫಿ ಪಡೆದು ಸರಕಾರದ ಕಡೆ ನುಡಿದ. ಮಾಫಿ ಸಾಕ್ಷಿಯೆಂದರೆ ತಾನೂ ಕೆಸರಿನಲ್ಲಿ ಇಳಿದವನು. ತನ್ನ ಕತ್ತನ್ನು ಬಿಡಿಸಿಕೊಳ್ಳಲು ಇನ್ನೊಬ್ಬನ ಕತ್ತಿಗೆ ಹಗ್ಗ ತೋರಿಸಬಲ್ಲವನು. ಆದ್ದರಿಂದ ಕಾನೂನು ಇವನನ್ನು ಬಳಸಿಕೊಳ್ಳುತ್ತದೆ, ಆದರೆ ಒಂಟಿಯಾಗಿ ನಂಬುವುದಿಲ್ಲ. ಅವನು ಹೇಳಿದ್ದಕ್ಕೆ, ಅದೂ ಪ್ರತಿಯೊಬ್ಬ ಆಪಾದಿತನ ಮಟ್ಟಿಗೂ ಬೇರೆ ಬೇರೆಯಾಗಿ, ಹೊರಗಿನ ಆಧಾರ ಬೇಕು. ಆತ್ಮಾಚರಣರು ಬ್ಯಾಡ್ಗೆಯ ಹೇಳಿಕೆಯನ್ನು ಬಹುಮಟ್ಟಿಗೆ ನಂಬಿದರು. ಆದರೆ ಆಪಾದಿತರಲ್ಲೊಬ್ಬರಾಗಿದ್ದ ವಿನಾಯಕ ದಾಮೋದರ ಸಾವರ್ಕರರ ಮಟ್ಟಿಗೆ ಅವನ ಮಾತಿಗೆ ಅಂಥ ಆಧಾರ ಸಿಗಲಿಲ್ಲವೆಂದು 1949ರ ಫೆಬ್ರವರಿ 10ರ ತೀರ್ಪಿನಲ್ಲಿ ಅವರನ್ನು ಬಿಡುಗಡೆ ಮಾಡಿದರು. ಇನ್ನೊಂದು ವಿಚಿತ್ರವನ್ನೂ ಗಮನಿಸಿರಿ. ಬ್ಯಾಡ್ಗೆಯ ಆಳು ಶಂಕರ ಕಿಸ್ತಯ್ಯ. ಯಜಮಾನ ಮಾಫಿ ಪಡೆದು ಪಾರಾದ. ಆಳಿಗೆ ಆಜನ್ಮ ಶಿಕ್ಷೆಯಾಯಿತು. ಅಪೀಲಿನಲ್ಲಿ, 1949ರ ಜೂನಿನಲ್ಲಿ, ಸಿಮ್ಲಾದಲ್ಲಿ ಕುಳಿತ ಪೂರ್ವ ಪಂಜಾಬ ಹೈಕೋರ್ಟು ಅವನನ್ನೂ, ಡಾಕ್ಟರ್ ಪರಚುರೆಯವರನ್ನೂ ಬಿಟ್ಟಿತು.

ಇಲ್ಲಿಗೆ ಸಾಕ್ಷ್ಯದ ಕಾನೂನಿನ ಒಂದು ವಿಶೇಷ ನಿಯಮವನ್ನು ಹೇಳಬೇಕು. ಸಾಮಾನ್ಯವಾಗಿ ರಾಮನು ಆಡಿದ ಮಾತಿಗೆ ಕೃಷ್ಣನು ಜವಾಬ್ದಾರನಲ್ಲ. ಸಂಚಿನಲ್ಲಿ ಮಾತ್ರ ಹಾಗಲ್ಲ. ಸಂಚು ಇತ್ತೆಂದು ನಂಬಲು ಯೋಗ್ಯ ಕಾರಣ ಕಂಡುಬಂದರೆ, ಒಬ್ಬ ಸಂಚುಗಾರ ತಮ್ಮ ಸಮಾನ ಉದ್ದೇಶದ ಬಗ್ಗೆ ಆಡಿದ್ದು, ಮಾಡಿದ್ದು, ಬರೆದದ್ದು ಇತರರ ವಿರುದ್ಧವೂ ಪುರಾವೆಯಾಗುತ್ತದೆ. 1872ರ ಸಾಕ್ಷ್ಯ ಕಾಯಿದೆಯ 10ನೆಯ ಕಲಮು ಇದು; ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 8ನೆಯದು. ಕತ್ತಿಯ ಅಲಗಿನಂಥ ಈ ನಿಯಮಕ್ಕೆ ಒರೆ ಎಲ್ಲಿ ಎಂಬುದನ್ನು ತೋರಿಸಿದ್ದು 1940ರಲ್ಲಿ ಪ್ರಿವಿ ಕೌನ್ಸಿಲು ತೀರ್ಮಾನಿಸಿದ ಮಿರ್ಜಾ ಅಕ್ಬರನ ಖಟ್ಲೆ.

ಅದು ಅಂದಿನ ವಾಯವ್ಯ ಗಡಿಪ್ರಾಂತದ ಸಂಸಾರದ ಕಥೆ. 1938ರಲ್ಲಿ ಅಲಿ ಅಸ್ಕರ್ ಎಂಬವನ ಕೊಲೆಯಾಯಿತು. ಗುಂಡು ಹಾರಿಸಿದ ಬಾಡಿಗೆಯ ಕೊಲೆಗಾರ ಸಿಕ್ಕಿಬಿದ್ದ. ಸತ್ತವನ ಹೆಂಡತಿ ಮೆಹರ್ ತಾಜಾ ಮತ್ತು ಅವಳ ಪ್ರಿಯಕರ ಮಿರ್ಜಾ ಅಕ್ಬರ್ ಕೂಡಿ ಮಾಡಿಸಿದ ಕೊಲೆ ಇದೆಂದು ಸರಕಾರದ ವಾದ. ಅವರಿಬ್ಬರ ನಡುವೆ ಓಡಾಡಿದ ಪತ್ರಗಳು ಸಿಕ್ಕಿದವು. ಗಂಡನನ್ನು ದಾರಿಯಿಂದ ಸರಿಸುವ ಮಾತು, ಹಣ ಒದಗಿಸುವ ಮಾತು ಅವುಗಳಲ್ಲಿತ್ತು. ಸಂಚು ನಡೆಯುತ್ತಿದ್ದ ಕಾಲದಲ್ಲಿ ಬರೆದವುಗಳಾದ್ದರಿಂದ ಆ ಪತ್ರಗಳು ಇಬ್ಬರ ಮೇಲೂ ನಡೆಯುತ್ತವೆ ಎಂದು ಪ್ರಿವಿ ಕೌನ್ಸಿಲು ಒಪ್ಪಿತು. ಆದರೆ ಬಂಧನವಾದ ಮೇಲೆ ಅವಳು ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯನ್ನು ಈ ನಿಯಮದ ಕೆಳಗೆ ಅವನ ವಿರುದ್ಧ ಬಳಸುವಂತಿಲ್ಲವೆಂದಿತು. ಕಾರಣ ಸರಳ: ಅಷ್ಟು ಹೊತ್ತಿಗೆ ಕೊಲೆ ಮುಗಿದಿತ್ತು, ಸಂಚೂ ಮುಗಿದಿತ್ತು. ಸಂಚು ಜೀವಂತವಿರುವಾಗ ಆಡಿದ ಮಾತು ಸಂಚಿನ ಅಂಗ. ಮುಗಿದ ಮೇಲೆ ಆಡಿದ್ದು ಬರೀ ಕಥೆ. ಪತ್ರಗಳೇ ಸಾಕಾದ್ದರಿಂದ ಶಿಕ್ಷೆಯೇನೋ ಉಳಿಯಿತು; ಆದರೆ ಆ ಗೆರೆ ಇಂದಿಗೂ ಅಳಿಸಿಲ್ಲ.

ಈಗ ಪತ್ರಗಳ ಕಾಲ ಹೋಯಿತು, ಮೊಬೈಲಿನ ಕಾಲ ಬಂತು. ಇಂದಿನ ಸಂಚಿನ ಖಟ್ಲೆಗಳಲ್ಲಿ ಕರೆಗಳ ಪಟ್ಟಿ, ವಾಟ್ಸಾಪ್ ಸಂದೇಶ, ಹೆದ್ದಾರಿಯ ಕ್ಯಾಮೆರಾ ಇವೇ ಮುಂದೆ ನಿಲ್ಲುತ್ತವೆ. ಇವನ್ನು ಕಾಯಿದೆ ಹೇಳಿದ ಪ್ರಮಾಣಪತ್ರದೊಡನೆ ತರಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಗಟ್ಟಿಯಾಗಿ ಹೇಳಿದೆ. ಅದಿರಲಿ, ನಾವು ಮರೆಯಬಾರದ ಸಂಗತಿ ಬೇರೊಂದಿದೆ. ಇಬ್ಬರು ಇಪ್ಪತ್ತು ಸಲ ಮಾತಾಡಿದರೆಂದು ಕರೆಪಟ್ಟಿ ಹೇಳಬಲ್ಲದು. ಏನು ಮಾತಾಡಿದರೆಂದು ಅದು ಹೇಳಲಾರದು.

ಇಲ್ಲಿಯೇ ಅಪಾಯವಿರುವುದು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡ ಕುಡಿದನೆನ್ನುವ ಲೋಕ ಇದು. ಕೋರ್ಟೂ ಹಾಗೆಯೇ ಅಂದುಬಿಟ್ಟರೆ ಗತಿಯೇನು?

1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಅವರ ಕಾವಲುಗಾರರಾದ ಬಿಯಾಂತ್ ಸಿಂಗ್ ಮತ್ತು ಸತವಂತ್ ಸಿಂಗ್ ಕೊಂದರು. ಬಿಯಾಂತ್ ಸಿಂಗ್ ಅಂದೇ ಸತ್ತ. ಸಂಚಿನ ಆಪಾದನೆ ಬಿದ್ದದ್ದು ಅವನ ಬಂಧು, ಸರಕಾರಿ ನೌಕರ ಕೇಹರ್ ಸಿಂಗನ ಮೇಲೆ, ಮತ್ತು ಬಲಬೀರ್ ಸಿಂಗ್ ಎಂಬ ಪೋಲೀಸ್ ಅಧಿಕಾರಿಯ ಮೇಲೆ. ಇಬ್ಬರಿಗೂ ಕೆಳಗಿನ ಕೋರ್ಟಿನಲ್ಲಿಯೂ ಹೈಕೋರ್ಟಿನಲ್ಲಿಯೂ ಮರಣದಂಡನೆಯೇ ಆಯಿತು. 1988ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಬಲಬೀರ್ ಸಿಂಗನನ್ನು ಪೂರ್ಣವಾಗಿ ಬಿಡುಗಡೆ ಮಾಡಿತು. ಅವನ ವಿರುದ್ಧ ಇದ್ದುದು ಶಂಕೆಯೇ ಹೊರತು ಪುರಾವೆಯಲ್ಲ. ಕೆಳಗಿನ ಎರಡು ಕೋರ್ಟುಗಳು ಗಲ್ಲಿಗೆ ಕಳುಹಿಸಿದ ಮನುಷ್ಯ ಮೂರನೆಯ ಕೋರ್ಟಿನಲ್ಲಿ ನಿರ್ದೋಷಿಯಾದ. ಈ ಮಾತನ್ನು ವಾಚಕರು ಎರಡು ಸಲ ಓದಬೇಕು.

ಕೇಹರ್ ಸಿಂಗನ ಶಿಕ್ಷೆ ಮಾತ್ರ ಉಳಿಯಿತು. ಅವನ ವಿರುದ್ಧ ಮುಖ್ಯವಾಗಿ ಇದ್ದುದೇನು? ಅಕ್ಟೋಬರ್ 17ರಂದು ಬಿಯಾಂತ್ ಸಿಂಗನ ಮನೆಯ ಮಾಳಿಗೆಯ ಮೇಲೆ ಇಬ್ಬರೂ ಗುಟ್ಟಾಗಿ ಮಾತಾಡಿದ್ದು, ಅದರ ಬಗ್ಗೆ ಬಿಯಾಂತ್ ಸಿಂಗನ ಹೆಂಡತಿಯ ಸಾಕ್ಷ್ಯ; 20ರಂದು ಇಬ್ಬರೂ ಅಮೃತಸರಕ್ಕೆ ಹೋಗಿಬಂದದ್ದು; ಇಂಥವು. ಮಾಳಿಗೆಯ ಮೇಲೆ ಆಡಿದ್ದೇನೆಂದು ಕೇಳಿದವರಿಲ್ಲ. ಇಷ್ಟರಿಂದ ಒಪ್ಪಂದವನ್ನು ಊಹಿಸಬಹುದೆ ಎಂದು ಅಂದೇ ದೊಡ್ಡ ದೊಡ್ಡ ವಕೀಲರು ತಕರಾರೆತ್ತಿದರು. ಕೋರ್ಟು ಎಲ್ಲವನ್ನೂ ಕೂಡಿಸಿ ನೋಡಿ 'ಊಹಿಸಬಹುದು' ಎಂದಿತು. 1989ರ ಜನವರಿ 6ರಂದು ಕೇಹರ್ ಸಿಂಗನನ್ನು ಗಲ್ಲಿಗೇರಿಸಲಾಯಿತು. ಕಾನೂನಿನ ವಿದ್ಯಾರ್ಥಿಗಳು ಈ ತೀರ್ಪಿನ ಮೇಲೆ ಇನ್ನೂ ವಾದಿಸುತ್ತಾರೆ.

ಆ ಪೀಠದ ಮೂವರಲ್ಲಿ ಒಬ್ಬರು ನಮ್ಮವರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು ಸುಪ್ರೀಂ ಕೋರ್ಟಿಗೆ ಏರಿದ ಕೆ. ಜಗನ್ನಾಥ ಶೆಟ್ಟಿಯವರು. ಅವರು ಬೇರೆಯಾಗಿ ಬರೆದ ತೀರ್ಪಿನಲ್ಲಿ ಸಂಚಿನ ರುಜುವಾತಿನ ಬಗ್ಗೆ ಹೇಳಿದ್ದನ್ನು ಇಂದಿಗೂ ವಕೀಲರು ಎತ್ತಿ ಓದುತ್ತಾರೆ. ಅದರ ಸಾರ ಇಷ್ಟು: ಬಾಯಿಬಿಟ್ಟು ಆಡಿದ ಒಪ್ಪಂದವನ್ನೇ ತೋರಿಸಬೇಕೆಂದಿಲ್ಲ, ಆದರೆ ಒಬ್ಬನ ದುರುದ್ದೇಶ ಇನ್ನೊಬ್ಬನ ಮನಸ್ಸಿಗೆ ದಾಟಿತು, ಅವನೂ ಅದಕ್ಕೆ ಕೂಡಿಕೊಂಡ ಎಂಬುದಕ್ಕೆ ಸ್ಪಷ್ಟವಾದ ಕುರುಹು ಬೇಕು. ಸಂಬಂಧವಿಲ್ಲದ ಸಂಗತಿಗಳನ್ನು ಜಾಣತನದಿಂದ ಸಾಲಾಗಿ ಜೋಡಿಸಿ, ನೋಡಿ ಹೇಗೆ ಹೊಂದುತ್ತದೆ ಎಂದರೆ ಅದು ಸಾಲದು. ಈ ಅಳತೆಗೋಲು ಎಲ್ಲ ಆಪಾದಿತರ ಸೊತ್ತು.

ಮದರಾಸಿನ ಕಡೆಯ ನಮ್ಮ ಓದುಗರಿಗೆ ಇನ್ನೊಂದು ಖಟ್ಲೆ ನೆನಪಿರಬೇಕು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ ಗಾಂಧಿಯವರ ಕೊಲೆಯಾಯಿತು. 1998ರ ಜನವರಿಯಲ್ಲಿ ವಿಶೇಷ ಕೋರ್ಟು 26 ಜನರಿಗೆ, ಹೌದು, ಇಪ್ಪತ್ತಾರೂ ಜನರಿಗೆ, ಮರಣದಂಡನೆ ವಿಧಿಸಿತು. 1999ರ ಮೇ 11ರಂದು ಸುಪ್ರೀಂ ಕೋರ್ಟು ಅವರಲ್ಲಿ 19 ಜನರನ್ನು ಕೊಲೆಯ ಸಂಚಿನ ಆಪಾದನೆಯಿಂದ ಬಿಡಿಸಿತು. ನಾಲ್ವರಿಗೆ ಮರಣದಂಡನೆಯನ್ನು ಉಳಿಸಿ, ಮೂವರಿಗೆ ಜೀವಾವಧಿ ಮಾಡಿತು. ಹತ್ತೊಂಬತ್ತು ಕುತ್ತಿಗೆಗಳು ಹಗ್ಗದಿಂದ ಹೊರಬಂದದ್ದು ಯಾವ ತತ್ತ್ವದ ಮೇಲೆ? ಸಂಚುಗಾರರ ಪರಿಚಯವಿದ್ದ ಮಾತ್ರಕ್ಕೆ, ಅವರ ಸಂಘಟನೆಯ ಮೇಲೆ ಅಭಿಮಾನವಿದ್ದ ಮಾತ್ರಕ್ಕೆ, ಕೊಲೆಯಾದ ಮೇಲೆ ಅವರಿಗೆ ಆಶ್ರಯ ಕೊಟ್ಟ ಮಾತ್ರಕ್ಕೆ ಯಾರೂ ಕೊಲೆಯ ಸಂಚಿನಲ್ಲಿ ಪಾಲುಗಾರರಾಗುವುದಿಲ್ಲ ಎಂಬ ತತ್ತ್ವದ ಮೇಲೆ. ಸಂಚಿನ ಮುಖಂಡ ಶಿವರಾಸನ್ ತನ್ನವರೊಡನೆ ಪ್ರಾಣ ಬಿಟ್ಟದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ, ಆ ವರ್ಷದ ಆಗಸ್ಟಿನಲ್ಲಿ. ಬೆಂಗಳೂರಿನಲ್ಲಿ ಆಶ್ರಯ ಕೊಟ್ಟನೆಂಬವನೂ ಆ ಇಪ್ಪತ್ತಾರರಲ್ಲಿ ಒಬ್ಬನಾಗಿದ್ದ. ಅಪರಾಧಿಗೆ ಆಶ್ರಯ ಕೊಡುವುದು ತಪ್ಪೇ, ಅದಕ್ಕೆ ಬೇರೆ ಶಿಕ್ಷೆಯಿದೆ. ಆದರೆ ಅದು ಕೊಲೆಯಲ್ಲ.

ಮರಣದಂಡನೆ ಉಳಿದ ನಾಲ್ವರಲ್ಲಿ ಪೇರರಿವಾಳನ್ ಎಂಬ ತರುಣನಿದ್ದ. 9 ವೋಲ್ಟಿನ ಎರಡು ಬ್ಯಾಟರಿ ಕೊಂಡುಕೊಟ್ಟನೆಂಬುದು ಅವನ ಮೇಲಿನ ದೊಡ್ಡ ಮಾತು. ಅವು ಯಾವುದಕ್ಕೆಂದು ಅವನಿಗೆ ಗೊತ್ತಿತ್ತೆ? ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಪೋಲೀಸರ ಮುಂದಿನ ತಪ್ಪೊಪ್ಪಿಗೆ ಸಾಮಾನ್ಯ ಕಾನೂನಿನಲ್ಲಿ ನಡೆಯದು; ಅಂದಿನ ಟಾಡಾ ಕಾಯಿದೆ ಅದಕ್ಕೆ ಅವಕಾಶ ಕೊಟ್ಟಿತ್ತು. ಆ ಹೇಳಿಕೆಯನ್ನು ಬರೆದುಕೊಂಡ ಅಧಿಕಾರಿಯೇ ನಿವೃತ್ತಿಯ ಅನಂತರ, 2013ರಲ್ಲಿ, ಉದ್ದೇಶ ತನಗೆ ತಿಳಿದಿರಲಿಲ್ಲವೆಂದು ಅವನು ಹೇಳಿದ್ದನ್ನು ತಾವು ಬರೆಯದೆ ಬಿಟ್ಟೆವೆಂದು ಹೇಳಿದರು. ಅವನ ಮರಣದಂಡನೆ 2014ರಲ್ಲಿ ಜೀವಾವಧಿಯಾಗಿ, 2022ರ ಮೇ 18ರಂದು ಸುಪ್ರೀಂ ಕೋರ್ಟಿನ ಆಜ್ಞೆಯಿಂದ ಅವನು ಹೊರಬಂದ. ಅದು ಬಿಡುಗಡೆಯೇ ಹೊರತು ನಿರ್ದೋಷಿಯೆಂಬ ತೀರ್ಪಲ್ಲ. ಒಂದು ವಾಕ್ಯ ಬರೆಯದೆ ಬಿಟ್ಟದ್ದರ ಬೆಲೆ ಎಷ್ಟಿರಬಹುದೆಂದು ಓದುಗರೇ ಲೆಕ್ಕ ಹಾಕಲಿ.

ಇದೆಲ್ಲ ಪ್ರಧಾನಿಗಳ, ಮಹಾತ್ಮರ ವಿಷಯವಾಯಿತು, ನಮಗೇನು ಎನ್ನುವಿರೋ? ಪರಊರಿನಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೂ ಇಲ್ಲಿ ಕಲಿಯಬೇಕಾದ್ದುಂಟು. ನಾಲ್ಕು ಮಾತು ಹೇಳುತ್ತೇವೆ.

ಮೊದಲನೆಯದು: ಸಿಟ್ಟಿನಲ್ಲಿ "ಅವನನ್ನು ಮುಗಿಸಿಬಿಡಬೇಕು" ಎಂದಾಡುವುದು ಸಂಚಲ್ಲ. ಅದಕ್ಕೆ ಎದುರಿನವನು ಮನಸ್ಸಾರೆ ಒಪ್ಪಿದ್ದರೆ ಮಾತ್ರ ಸಂಚು. ಆದರೂ ಅದನ್ನು ಮೊಬೈಲಿನಲ್ಲಿ ಬರೆದು ಕಳುಹಿಸುವ ಚಾಳಿ ಒಳ್ಳೆಯದಲ್ಲ. ಮಾತು ಗಾಳಿಗೆ ಹೋಗುತ್ತದೆ, ಬರೆಹ ಉಳಿಯುತ್ತದೆ.

ಎರಡನೆಯದು: ಊರಿನವನೆಂಬ ಅಭಿಮಾನಕ್ಕೆ ನಮ್ಮ ಹೆಸರಿನಲ್ಲಿ ಸಿಮ್ ತೆಗೆದುಕೊಡುವುದು, ಗಾಡಿ ಕೊಡುವುದು, ಕರಾರಿಲ್ಲದೆ ಕೋಣೆ ಬಾಡಿಗೆಗೆ ಕೊಡುವುದು ಬೇಡ. ನಿಮಗೆ ಉದ್ದೇಶ ಗೊತ್ತಿರದಿದ್ದರೆ ಕೊನೆಗೆ ಪಾರಾಗುತ್ತೀರಿ, ಸರಿಯೇ. ಆ 'ಕೊನೆ' ಎಷ್ಟು ವರ್ಷದ ಮೇಲೆ ಬರುತ್ತದೆಂಬುದನ್ನು ಮೇಲಿನ ಕಥೆಗಳೇ ಹೇಳುತ್ತವೆ.

ಮೂರನೆಯದು: ಕೊಲೆಯ ಸಂಚು ನಡೆಯುತ್ತಿದೆಯೆಂದು ನಿಜವಾಗಿ ತಿಳಿದರೆ ಸುಮ್ಮನಿರುವಂತಿಲ್ಲ. ಪೋಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸುವುದು ಕಾನೂನು ಹೇರಿದ ಕರ್ತವ್ಯ. ತಿಳಿದ ಮಾತ್ರಕ್ಕೆ ಸಂಚುಗಾರನಾಗುವುದಿಲ್ಲ, ಆದರೆ ತಿಳಿದವನಿಗೆ ಕೆಲಸವುಂಟು. ಅರಗಿನ ಮನೆಯ ಗುಟ್ಟನ್ನು ಅರಿತ ವಿದುರ ಧರ್ಮರಾಯನಿಗೆ ಸೂಚನೆ ಕೊಟ್ಟ. ಮಕ್ಕಳನ್ನು ವಾರಣಾವತಕ್ಕೆ ಕಳುಹಿಸಿದ ಧೃತರಾಷ್ಟ್ರನಿಗೆ ಬೆಂಕಿಯ ವಿಷಯ ಗೊತ್ತಿತ್ತೆ? ಅವನನ್ನು ಆಪಾದಿತನಾಗಿ ನಿಲ್ಲಿಸಿದರೆ ಸರಕಾರಿ ವಕೀಲರಿಗೆ ಬೆವರು ಬಂದೀತು. ಮನೆಯಲ್ಲಿ ಮಕ್ಕಳೊಡನೆ ಕುಳಿತು ವಾದಿಸಲು ಒಳ್ಳೆಯ ವಿಷಯವಿದು.

ನಾಲ್ಕನೆಯದು: ಸಾಕ್ಷಿಯಾಗಿ ಕರೆ ಬಂದರೆ ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ಹೇಳಿರಿ. "ಇಬ್ಬರೂ ಮಾತಾಡುತ್ತಿದ್ದರು" ಎಂಬುದು ಸಾಕ್ಷ್ಯ. "ಅದನ್ನೇ ಮಾತಾಡುತ್ತಿದ್ದಿರಬೇಕು" ಎಂಬುದು ನಿಮ್ಮ ಊಹೆ. ಊಹಿಸುವುದು ನ್ಯಾಯಾಧೀಶರ ಕೆಲಸ, ಅವರಿಗೂ ಅದಕ್ಕೊಂದು ಕಟ್ಟುಂಟು. 'ಮಾಡಿರಬಹುದು' ಎಂಬುದಕ್ಕೂ 'ಮಾಡಿರಲೇಬೇಕು' ಎಂಬುದಕ್ಕೂ ಬಹಳ ದೂರವಿದೆಯೆಂದು 1984ರಲ್ಲಿ ಪುಣೆಯಿಂದ ಹೋದ ಒಂದು ಕೊಲೆಯ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಹೇಳಿ, ಆಪಾದಿತನನ್ನು ಬಿಟ್ಟುಕೊಟ್ಟಿತು.

ನಮಗೆ ಬರೆದ ಸದಸ್ಯೆಗೆ ಉತ್ತರ ಇಷ್ಟೇ: ಗುಟ್ಟಿನ ಮಾತನ್ನು ಯಾರೂ ಕೇಳದಿದ್ದರೂ ಅದರ ಹೆಜ್ಜೆ ಗುರುತು ಟಿಕೆಟಿನಲ್ಲಿ, ಪತ್ರದಲ್ಲಿ, ರಿಜಿಸ್ಟರಿನಲ್ಲಿ ಬೀಳುತ್ತದೆ. ಆ ಹೆಜ್ಜೆಗಳು ಎಡೆಬಿಡದೆ ಒಂದೇ ಬಾಗಿಲಿಗೆ ಹೋಗಿ ನಿಂತರೆ ಶಿಕ್ಷೆ. ನಡುವೆ ಎಲ್ಲಾದರೂ ತಪ್ಪಿಹೋದರೆ ಬಿಡುಗಡೆ. ಐವರ ಬಂಧನವಾಯಿತೆಂಬ ಸುದ್ದಿ ಓದಿದ ದಿನ ಆ ಐವರನ್ನೂ ಕೊಲೆಗಾರರೆಂದು ಕರೆಯುವ ಮೊದಲು ನಾವೂ ಸ್ವಲ್ಪ ತಡೆಯೋಣ.

ಮುಂದಿನ ಸಂಚಿಕೆಯಲ್ಲಿ ಬಾಡಿಗೆಯ ಕರಾರುಪತ್ರದ ವಿಷಯ. ಪ್ರಶ್ನೆಗಳಿದ್ದವರು ಸಂಘದ ಕಚೇರಿಗೆ ಬರೆಯಬಹುದು.